ಮುಂಬೈ ಮ್ಯಾರಥಾನ್: 8 ಸಲ ಓಡಿದ ಮೇಲೆ ಬರೆದ ವಿಮರ್ಶೆ

ಸಂಕ್ರಾಂತಿ ಬಂತೆಂದರೆ ನಮ್ಮ ಮನೆಯಲ್ಲಿ ಎಳ್ಳಿನ ಜೊತೆಗೆ ನನ್ನ ಶೂ ಕೂಡ ಹೊರಗೆ ಬರುತ್ತದೆ. ಜನವರಿಯ ಮೂರನೇ ಭಾನುವಾರ ಮುಂಬೈ ಮ್ಯಾರಥಾನ್. ಕಲಬುರಗಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಸೀದಾ ಸಿಎಸ್‌ಎಂಟಿಯಲ್ಲಿ, ಅಂದರೆ ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಲ್ಲಿ ಇಳಿಯುತ್ತೇನೆ. ಓಟ ಶುರುವಾಗುವುದೂ ಅಲ್ಲೇ, ಆ ಸ್ಟೇಷನ್ನಿನ ಎದುರು.

ಈ ಓಟ 2004ರಿಂದ ನಡೆಯುತ್ತಿದೆ. ನಾನು ಮೊದಲು ಓಡಿದ್ದು 2016ರಲ್ಲಿ. ಆಗ ಓಟಕ್ಕೆ ಪ್ರಾಯೋಜಕರಾದ ಸ್ಟ್ಯಾಂಡರ್ಡ್ ಚಾರ್ಟರ್ಡ್ ಬ್ಯಾಂಕಿನ ಹೆಸರಿತ್ತು, 2018ರಿಂದ ಟಾಟಾ ಹೆಸರು ಬಂತು. ಕೋವಿಡ್ ಕಾರಣ 2021, 2022ರಲ್ಲಿ ಓಟ ಇರಲಿಲ್ಲ. ಅವೆರಡು ಬಿಟ್ಟು 2025ರ ತನಕ ಪ್ರತಿ ವರ್ಷ ಓಡಿದ್ದೇನೆ. ಎಂಟೂ ಸಲ ಫುಲ್, ಅಂದರೆ 42.195 ಕಿ.ಮೀ. ಐದು ತಾಸಿನ ಆಸುಪಾಸಿನಲ್ಲಿ ಮುಗಿಸುತ್ತೇನೆ. ಹಾಗಾಗಿ ಇದು ವೇಗದ ಓಟಗಾರನ ವಿಮರ್ಶೆ ಅಲ್ಲ. ನಡುವಿನ ಗುಂಪಿನಲ್ಲಿ ಓಡುವವರಿಗೆ ಇದು ಉಪಯೋಗವಾದೀತು.

ಮೊದಲು ಕಷ್ಟದ ವಿಷಯ ಹೇಳಿಬಿಡುತ್ತೇನೆ. ಮುಂಬೈ ಸೆಕೆಯನ್ನು ಹಗುರವಾಗಿ ತಗೋಬೇಡಿ. ನಮ್ಮ ಕಡೆ ಬಿಸಿಲು ಜಾಸ್ತಿ, ನಿಜ. ಆದರೆ ಅದು ಒಣ ಬಿಸಿಲು, ಬೆವರು ಬಂದ ಹಾಗೇ ಆರಿಹೋಗುತ್ತದೆ. ಮುಂಬೈಯಲ್ಲಿ ಆರುವುದೇ ಇಲ್ಲ. ಸೂರ್ಯ ಹುಟ್ಟುವ ಮೊದಲೇ ಬನಿಯನ್ ಮೈಗೆ ಅಂಟಿರುತ್ತದೆ. 2016ರಲ್ಲಿ ಬರೀ ನೀರು ಕುಡಿದು ಓಡಿದೆ. ಮಾಹಿಂ ದಾಟುವಾಗ ಎಡಗಾಲಿನ ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಯಿತು. ಒಬ್ಬ ಹುಡುಗ ರಸ್ತೆಯಲ್ಲೇ ಕೂರಿಸಿ, ಸ್ಪ್ರೇ ಹೊಡೆದು, ಕಾಲು ಹಿಡಿದು ಎಳೆದ. ಆಮೇಲೆ ಉಳಿದ ದಾರಿಯಲ್ಲಿ ನಡೆದಿದ್ದೇ ಹೆಚ್ಚು. ಈಗ ಓಆರ್‌ಎಸ್ ಪುಡಿ ಜೇಬಲ್ಲಿ ಇಟ್ಟುಕೊಂಡೇ ಹೊರಡುತ್ತೇನೆ. ಅದಾದ ಮೇಲೆ ಕಾಲು ಹಿಡಿದುಕೊಂಡಿಲ್ಲ.

ಇನ್ನು ದಾರಿ. ಬಾಂದ್ರಾ-ವರ್ಲಿ ಸೀ ಲಿಂಕ್ ಮೇಲೆ ಬೇರೆ ದಿನ ನಡೆದು ಹೋಗಲು ಬಿಡುವುದಿಲ್ಲ, ಬೈಕ್ ಕೂಡ ಬಿಡುವುದಿಲ್ಲ. ಅವತ್ತು 5.6 ಕಿ.ಮೀ. ಸೇತುವೆ ನಮ್ಮದು. ನಾನು ಅಲ್ಲಿಗೆ ಬರುವಾಗ ಬೆಳಕು ಹರಿಯುತ್ತಿರುತ್ತದೆ. ಬಲಗಡೆ ದಾದರ್, ಮಾಹಿಂ ಕಟ್ಟಡಗಳ ಹಿಂದೆ ಆಕಾಶ ಕೆಂಪಾಗುತ್ತದೆ. ಸೇತುವೆ ಮೇಲೆ ನೋಡುವ ಜನ ಇಲ್ಲ, ಕೂಗಾಟ ಇಲ್ಲ. ನೂರಾರು ಶೂಗಳ ಟಪಟಪ ಸದ್ದು, ಉಸಿರು, ಕೆಳಗೆ ಸಮುದ್ರ. ಇಷ್ಟು ಸಲ ಓಡಿದರೂ ಅಲ್ಲಿ ನನಗೆ ಮೈ ಜುಮ್ಮೆನ್ನುತ್ತದೆ.

ಮಾಹಿಂಗೆ ಇಳಿದ ಕೂಡಲೇ ಊರಿಗೆ ಊರೇ ರಸ್ತೆಗೆ ಬಂದಿರುತ್ತದೆ. ಕಿತ್ತಳೆ ತೊಳೆ, ಬಿಸ್ಕತ್ತು, ಚಿಕ್ಕಿ ಹಿಡಿದು ನಿಂತಿರುತ್ತಾರೆ. ಯಾರೂ ಹೇಳಿ ಕಳಿಸಿದವರಲ್ಲ, ಮನೆಯಿಂದ ತಂದದ್ದು. ಪುಟ್ಟ ಮಕ್ಕಳು ಕೈ ಚಾಚಿರುತ್ತಾರೆ, ಮುಟ್ಟದೆ ಹೋದರೆ ಮುಖ ಸಣ್ಣದಾಗುತ್ತದೆ. ನಾನು ಪ್ರತಿಯೊಬ್ಬರ ಕೈಯನ್ನೂ ಮುಟ್ಟುತ್ತೇನೆ.

2025ರ ತನಕ ನಾನು ಓಡಿದ ದಾರಿಯಲ್ಲಿ ಪೆಡ್ಡರ್ ರೋಡ್ ಏರು ಎರಡು ಸಲ ಸಿಗುತ್ತಿತ್ತು. ಹೋಗುವಾಗ ಕತ್ತಲು, ಕಾಲಲ್ಲಿ ಕಸುವು ಇರುತ್ತದೆ, ಗೊತ್ತೇ ಆಗುವುದಿಲ್ಲ. ಬರುವಾಗ 35 ಕಿ.ಮೀ. ಆಗಿರುತ್ತದೆ, ಬಿಸಿಲು ನೆತ್ತಿಗೆ ಬರುತ್ತಿರುತ್ತದೆ. ಅದೇ ರಸ್ತೆ ಗೋಡೆಯ ಹಾಗೆ ಕಾಣುತ್ತದೆ. ಸುಮಾರು ಈ ಹೊತ್ತಿಗೇ, ನಮ್ಮ ನಂತರ ಸುಮಾರು ಎರಡು ತಾಸು ಬಿಟ್ಟು ಹೊರಟ ಎಲೀಟ್ ಓಟಗಾರರು, ಅಂದರೆ ಗೆಲ್ಲಲೆಂದೇ ಓಡುವ ಅತಿ ವೇಗದವರು, ನಮ್ಮನ್ನು ದಾಟಿ ಹೋಗುತ್ತಾರೆ. 2023ರಲ್ಲಿ ಇಥಿಯೋಪಿಯಾದ ಹೈಲೆ ಲೆಮಿ 2:07:32ಕ್ಕೆ ಮುಗಿಸಿ ದಾಖಲೆ ಮಾಡಿದರು. ಅಂಥವರು ಓಡುವ ರಸ್ತೆಯಲ್ಲೇ, ಅದೇ ಬೆಳಿಗ್ಗೆ ನಾವೂ ಓಡುತ್ತೇವೆ ಅಲ್ವಾ? ಕ್ರಿಕೆಟ್ಟಿನಲ್ಲಿ ಈ ಅವಕಾಶ ಎಲ್ಲಿದೆ?

ಆ ಏರಿನ ನಡುವೆ ಒಬ್ಬರು ಅಜ್ಜಿ ನಿಲ್ಲುತ್ತಾರೆ. ಹತ್ತಿ ಸೀರೆ, ಕೈಯಲ್ಲಿ ಸ್ಟೀಲ್ ಡಬ್ಬಿ. 2017ರಿಂದ ನೋಡುತ್ತಿದ್ದೇನೆ. ಎರಡು ವರ್ಷ ಓಟ ನಿಂತಾಗ ಅವರದ್ದೇ ಯೋಚನೆ ಬರುತ್ತಿತ್ತು. 2023ರಲ್ಲಿ ಓಟ ಜನವರಿ 15ಕ್ಕೆ, ಹಬ್ಬದ ದಿನವೇ ಬಿತ್ತು. ಏರು ಹತ್ತುತ್ತಾ ಎಡಕ್ಕೆ ನೋಡಿಕೊಂಡೇ ಬಂದೆ. ಇದ್ದರು. ಈ ಸಲ ಕುರ್ಚಿ ಹಾಕಿಕೊಂಡಿದ್ದರು. ಎಳ್ಳುಂಡೆ ನನ್ನ ಅಂಗೈಗೆ ಇಟ್ಟು, "ತಿಳ್‌ಗುಳ್ ಘೇ ಬಾಳಾ" (ಎಳ್ಳು-ಬೆಲ್ಲ ತಗೋ ಮಗಾ) ಅಂದರು. ಕೈ ಸ್ವಲ್ಪ ನಡುಗುತ್ತಿತ್ತು. ನನಗೆ ಗಂಟಲು ಕಟ್ಟಿತು, ಥ್ಯಾಂಕ್ಸ್ ಕೂಡ ಹೇಳಲಾಗಲಿಲ್ಲ. ಮರುವರ್ಷ ಅಮ್ಮನ ಕೈಯ ಕುಸುರೆಳ್ಳನ್ನು ಚಿಕ್ಕ ಪೊಟ್ಟಣ ಕಟ್ಟಿ ಸೊಂಟದ ಪೌಚಿನಲ್ಲಿ ಒಯ್ದೆ. ಕೊಟ್ಟೆ. ಅಲ್ಲೇ ಬಿಚ್ಚಿ ಒಂದು ಕಾಳು ಬಾಯಿಗೆ ಹಾಕಿಕೊಂಡರು. ಆಮೇಲಿನ ಮರೀನ್ ಡ್ರೈವ್ ನನಗೆ ಯಾವತ್ತೂ ಅಷ್ಟು ಹಗುರ ಅನಿಸಿರಲಿಲ್ಲ.

ಮೊದಲ ಸಲ ಹೋಗುವವರಿಗೆ ಎರಡು ಮಾತು. ಬಿಬ್ ಅನ್ನು, ಅಂದರೆ ಎದೆಗೆ ಹಾಕಿಕೊಳ್ಳುವ ನಂಬರ್ ಚೀಟಿಯನ್ನು, ಓಟದ ಹಿಂದಿನ ದಿನಗಳಲ್ಲೇ ಅದನ್ನು ಹಂಚುವ ಎಕ್ಸ್‌ಪೋಗೆ ಹೋಗಿ ತಗೋಬೇಕು, ಅದಕ್ಕೆ ಶುಕ್ರವಾರವೇ ಮುಂಬೈ ಸೇರಿಕೊಳ್ಳಿ. ರೂಮನ್ನು ತಿಂಗಳುಗಟ್ಟಲೆ ಮೊದಲೇ ಹಿಡಿದು, ಹೊರಡುವ ಮುಂಚೆ ಮತ್ತೊಮ್ಮೆ ಫೋನ್ ಮಾಡಿ. ಒಂದು ವರ್ಷ ಒಂದು ಲಾಡ್ಜ್‌ನಲ್ಲಿ ನನ್ನ ಬುಕಿಂಗೇ ಇಲ್ಲ ಅಂದರು, ರಾತ್ರಿ ಹತ್ತಕ್ಕೆ ಸಯಾನ್‌ನ ಗೆಳೆಯನ ಮನೆಗೆ ಓಡಬೇಕಾಯಿತು. ಓಟ ಮುಗಿದ ಮೇಲೆ ಮಾಟುಂಗಾಕ್ಕೆ ಹೋಗಿ, ಅಲ್ಲಿನ ಉಡುಪಿ ಹೋಟೆಲ್‌ಗಳಲ್ಲಿ ಬಿಸಿ ಅನ್ನ, ಸಾರು ಸಿಗುತ್ತದೆ. ವಾಪಸ್ ರೈಲಿಗೆ ಲೋವರ್ ಬರ್ತ್ ಬುಕ್ ಮಾಡಿರಿ. ಆವತ್ತು ರಾತ್ರಿ ಮೇಲಿನ ಬರ್ತ್ ಹತ್ತಲು ತೊಡೆ ಒಪ್ಪುವುದಿಲ್ಲ.