ಮೇಣದ ಜಟೆ, ಅಂಟುವಾಳದ ಜಟೆ

ಸಲೂನಿನಲ್ಲಿ ಕೂರಿಸಿ ಮೇಣ ಹಚ್ಚಿ ಕಟ್ಟುವ ಜಟೆ ಒಂದು. ಬಾಚಣಿಗೆ ಬಿಟ್ಟು, ತಲೆ ತೊಳೆಯುತ್ತಾ ಕಾಯುವವರಿಗೆ ತಾನಾಗಿ ಕಟ್ಟುವ ಜಟೆ ಇನ್ನೊಂದು. ಎರಡನ್ನೂ ಇದೇ ತಲೆಯ ಮೇಲೆ ಹೊತ್ತು ತಿರುಗಿದ್ದೇನೆ. ಯಾವುದು ವಾಸಿ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಮಲೆನಾಡಿನಲ್ಲಿ ಮನೆ ಇರುವವರು ದುಡ್ಡು ಕೊಟ್ಟು ಮೇಣ ಹಚ್ಚಿಸಿಕೊಳ್ಳಬೇಡಿ. ಬೆಂಗಳೂರಿನ ಹವೆಗೆ ಅದು ಹೇಗೋ ನಡೆದೀತು. ತೀರ್ಥಹಳ್ಳಿ ದಾಟಿದ ಮೇಲೆ ನಡೆಯುವುದಿಲ್ಲ.

ನೋಟದ ಮಟ್ಟಿಗೆ ಸಲೂನಿನದೇ ಮೇಲುಗೈ, ಅದರಲ್ಲಿ ತಕರಾರಿಲ್ಲ. ಬೆಳಿಗ್ಗೆ ಕುಳಿತರೆ ಸಂಜೆಗೆ ಎದ್ದು ಬರಬಹುದು. ಕೂದಲನ್ನು ಪಾಲು ಮಾಡಿ, ತುದಿಯಿಂದ ಬುಡದ ಕಡೆಗೆ ಉಲ್ಟಾ ಬಾಚಿ ಸಿಕ್ಕು ಮಾಡುತ್ತಾರೆ. ಹೊರಗೆ ಉಳಿದ ಎಳೆಗಳನ್ನು ಸಣ್ಣ ಕ್ರೋಷಾ ಕಡ್ಡಿಯಿಂದ ಒಳಗೆ ಎಳೆದು, ಮೇಲೆ ಮೇಣ ಸವರುತ್ತಾರೆ. ಎಲ್ಲ ಒಂದೇ ದಪ್ಪ, ಒಂದೇ ಉದ್ದ. ನನಗೆ ಒಂಬತ್ತು ಸಾವಿರ ರೂಪಾಯಿ ಖರ್ಚಾಯಿತು. ಮೇಣದ ಡಬ್ಬಿಯ ದುಡ್ಡು ಬೇರೆ.

ತೊಂದರೆ ಶುರುವಾದದ್ದು ಆರಿದ್ರಾ ಮಳೆಯಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದೇ ಜಿಲ್ಲೆಯ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಇಲ್ಲ. ನಮ್ಮ ಮನೆ ಇರುವುದು ಆಗುಂಬೆಯ ಕಡೆಗೆ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಇಲ್ಲಿ ಬಟ್ಟೆಯೇ ಒಣಗುವುದಿಲ್ಲ, ಚಪ್ಪಲಿಯ ಮೇಲೂ ಬೂಷ್ಟು ಹಿಡಿಯುತ್ತದೆ. ಅಂಥ ಕಡೆ ಬೆರಳು ಗಾತ್ರದ ಜಟೆ ಒದ್ದೆಯಾದರೆ ಒಣಗುವುದು ಹೇಗೆ? ಹೊರಮೈ ಒಂದು ಗಂಟೆಯಲ್ಲಿ ಒಣಗಿದಂತೆ ಕಾಣುತ್ತದೆ. ಒಳಗಿನ ತೇವವನ್ನು ಮೇಣ ಹೊರಗೆ ಬಿಡುವುದಿಲ್ಲ. ಎರಡು ವಾರದೊಳಗೆ ತಲೆದಿಂಬಿನಿಂದ ಮುಗ್ಗಲು ವಾಸನೆ ಬರತೊಡಗಿತು. ದಿಂಬಿನ ಹತ್ತಿಯೇ ಹಾಳಾಗಿದೆ ಎಂದು ಅಮ್ಮ ಅದನ್ನು ಬದಲಾಯಿಸಿದರು. ಹೊಸ ದಿಂಬಿಗೂ ಅದೇ ವಾಸನೆ ಹತ್ತಿತು.

ಮೇಣ ತೆಗೆಯೋಣವೆಂದರೆ ಅದು ಹೋಗುವ ವಸ್ತುವಲ್ಲ. ಜೇನುಮೇಣ ಕರಗುವುದು ಸುಮಾರು 62ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿಗೆ. ಅಷ್ಟು ಬಿಸಿ ನೀರು ಸುರಿದುಕೊಂಡರೆ ಮೇಣಕ್ಕಿಂತ ಮೊದಲು ನೆತ್ತಿಯ ಚರ್ಮ ಏಳುತ್ತದೆ. ಹದವಾದ ನೀರಿಗೆ ಅದು ಮೆತ್ತಗಾಗಿ ಇನ್ನಷ್ಟು ಒಳಗೆ ಇಳಿಯುತ್ತದೆ, ಅಷ್ಟೇ. ಎಣ್ಣೆ ಹಚ್ಚಿ ಸಡಿಲಿಸಿದರೆ ಆ ಎಣ್ಣೆಯನ್ನು ತೆಗೆಯುವುದು ಇನ್ನೊಂದು ಕೆಲಸ. ಅಂಗಡಿಯ ಮೇಣ ಬೇಡ, ನಮ್ಮದೇ ತುಡುವೆ ಜೇನಿನ ಪೆಟ್ಟಿಗೆಯ ಶುದ್ಧ ಮೇಣ ಹಚ್ಚು ಎಂದು ಪಕ್ಕದ ತೋಟದವರು ಸಲಹೆ ಕೊಟ್ಟರು. ಮನೆಯಲ್ಲಿ ತೆಗೆದದ್ದಾದರೂ ಅದು ಮೇಣವೇ. ಕರಗುವ ಬಿಸಿಯೂ ಅದೇ, ಅಂಟುವ ಗುಣವೂ ಅದೇ.

ಕೊನೆಗೆ ಎಲ್ಲವನ್ನೂ ಕತ್ತರಿಸಿ ಹಾಕಿದೆ. ಒಂದನ್ನು ಉದ್ದಕ್ಕೆ ಸೀಳಿ ನೋಡಿದಾಗ ಹೊರಗೆ ಹೊಳಪಿನ ಪದರ, ಅದರ ಒಳಗೆ ಟರ್ಕಿ ಟವೆಲ್ಲಿನ ಬಿಳಿ ಜುಂಗು ಮತ್ತು ಕಂಬಳಿಯ ಕರಿ ಎಳೆಗಳು, ನಡುವಿನಲ್ಲಿ ಇನ್ನೂ ತಣ್ಣಗಿದ್ದ ಬೂದುಬಣ್ಣದ ಬೂಷ್ಟು. ಬೂಷ್ಟು ಹಿಡಿದ ಅಡಿಕೆಯನ್ನು ಕತ್ತರಿಸಿದರೆ ಕಾಣುವುದೂ ಹೆಚ್ಚುಕಡಿಮೆ ಇದೇ.

ತಾನಾಗಿ ಕಟ್ಟುವ ಜಟೆಯ ಲೆಕ್ಕ ಬೇರೆ. ಎಲ್ಲರ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ಬಾಚಿದರೆ ಬಾಚಣಿಗೆಗೆ ಬರುವ ಆ ಕೂದಲೇ, ಬಾಚದೆ ಬಿಟ್ಟರೆ ಪಕ್ಕದ ಎಳೆಗಳಿಗೆ ಸುತ್ತಿಕೊಂಡು ಗಂಟಾಗುತ್ತದೆ. ಕೂದಲು ಒರಟಾಗಿ ಸ್ವಚ್ಛವಾಗಿದ್ದಷ್ಟೂ ಗಂಟು ಬಿಗಿ. ಆದ್ದರಿಂದ ತಲೆ ತೊಳೆಯದೆ ಕೊಳಕಾಗಿ ಬಿಟ್ಟರೆ ಜಟೆ ಆಗುತ್ತದೆ ಎಂಬುದು ಸುಳ್ಳು. ಜಿಡ್ಡಿದ್ದರೆ ಎಳೆಗಳು ಜಾರುತ್ತವೆ. ದಾಸವಾಳದ ಸೊಪ್ಪಿನ ಲೋಳೆಯೂ ಇದಕ್ಕೆ ಆಗದು, ಅದು ಸಿಕ್ಕು ಬಿಡಿಸುವುದಕ್ಕೆಂದೇ ಇರುವ ಮದ್ದು. ಕಂಡೀಷನರ್ ಅಂತೂ ಬೇಡವೇ ಬೇಡ.

ತೊಳೆಯುವುದಕ್ಕೆಂದು ಆರಂಭದಲ್ಲಿ ಸೀಗೆಪುಡಿ ಹಿಡಿದೆ. ಪುಡಿ ಗಂಟಿನೊಳಗೆ ಕೂತರೆ ಹೊರಗೆ ಬರುವುದಿಲ್ಲ, ಒಣಗಿದ ಮೇಲೆ ಹೆಗಲ ಮೇಲೆ ಉದುರುತ್ತದೆ. ಕಡಲೆಹಿಟ್ಟಿನದೂ ಅದೇ ಕತೆ. ಗೆದ್ದದ್ದು ಅಂಟುವಾಳ. ಬೀಜ ತೆಗೆದ ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ, ಕಿವುಚಿ, ತೆಳುವಾದ ಬಟ್ಟೆಯಲ್ಲಿ ಸೋಸಿದರೆ ನೊರೆ ಬರುವ ಕಂದು ನೀರು ಮಾತ್ರ ಉಳಿಯುತ್ತದೆ. ಸೋಸುವುದನ್ನು ಬಿಡಬಾರದು. ಕಣ್ಣಿಗೆ ಬಿದ್ದರೆ ಉರಿ ತಡೆಯಲಾಗದು. ಶಿವಮೊಗ್ಗದ ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿಯಿಂದ ಒಂದು ಕಿಲೋ ತಂದರೆ ನನ್ನ ತಲೆಗೆ ವರ್ಷವಿಡೀ ಸಾಕು. ಮೇಣದ ಒಂದು ಡಬ್ಬಿಗೆ ಕೊಟ್ಟಷ್ಟು ಹಣವೂ ಆಗುವುದಿಲ್ಲ.

ಮಳೆಗಾಲದಲ್ಲಿ ಒಣಗಿಸುವ ಕಷ್ಟ ಇದಕ್ಕೂ ಇದೆ, ಆದರೆ ಗೆಲ್ಲಬಹುದಾದ ಕಷ್ಟ. ವಾರಕ್ಕೆ ಒಂದೇ ತಲೆಸ್ನಾನ, ಅದೂ ಬೆಳಿಗ್ಗೆ. ಹಳೆಯ ಹತ್ತಿ ಪಂಚೆಯಲ್ಲಿ ಒಂದೊಂದೇ ಜಟೆಯನ್ನು ಹಿಂಡಿ, ಬಚ್ಚಲ ಒಲೆಗೆ ಬೆನ್ನು ಹಾಕಿ ಕುಳಿತುಕೊಳ್ಳುತ್ತೇನೆ. ಹೊಗೆಯ ವಾಸನೆ ಹತ್ತುತ್ತದೆ, ಮುಗ್ಗಲಿಗಿಂತ ಅದೇ ಮೇಲು. ಒಣಗಿದೆಯೇ ಎಂದು ನೋಡಲು ಕಣ್ಣು ಸಾಲದು. ಜಟೆಯ ನಡುಭಾಗವನ್ನು ಎರಡು ಬೆರಳಲ್ಲಿ ಒತ್ತಿ ಹಿಡಿಯಬೇಕು, ಒಳಗೆ ನೀರಿದ್ದರೆ ಬೆರಳಿಗೆ ತಣ್ಣಗೆ ತಾಗುತ್ತದೆ. ಆ ತಂಪು ಹೋಗುವವರೆಗೆ ಕಟ್ಟುವುದಿಲ್ಲ, ಹೆಲ್ಮೆಟ್ ಹಾಕುವುದಿಲ್ಲ, ಮಲಗುವುದಿಲ್ಲ. ಇದರಿಂದಲೇ ಜಟೆಯ ದಪ್ಪವೂ ತೀರ್ಮಾನವಾಯಿತು. ಕಿರುಬೆರಳಿಗಿಂತ ದಪ್ಪವಾಗಲು ಬಿಟ್ಟರೆ ಪುಷ್ಯ ಮಳೆಯಲ್ಲಿ ಒಣಗುವುದಿಲ್ಲ. ಎರಡು ಜಟೆ ಬುಡದಲ್ಲಿ ಕೂಡಿಕೊಳ್ಳುತ್ತಿದ್ದರೆ ಸ್ನಾನವಾದ ಕೂಡಲೇ ಕೈಯಲ್ಲಿ ಎಳೆದು ಬೇರೆ ಮಾಡಬೇಕು. ಸೋಮಾರಿತನ ಮಾಡಿದರೆ ಹಿಂದಲೆಯಲ್ಲಿ ಒಂದೇ ಹಲಗೆಯಾಗುತ್ತದೆ.

ಇದಕ್ಕೆ ಬೇಕಾದ ಕಾಲ ಮಾತ್ರ ಭಯಂಕರ. ನಮ್ಮಂಥ ನೇರ ಕೂದಲಿಗೆ ವರ್ಷವಾದರೂ ಬೇಕು. ಮೊದಲ ಕೆಲವು ತಿಂಗಳು ತಲೆ ನೋಡಿದವರು ಜ್ವರ ಬಂದಿತ್ತೇ ಎಂದು ಕೇಳುತ್ತಾರೆ. ಗಂಟು ಬಿಗಿಯಾದಂತೆ ಉದ್ದವೂ ಕುಗ್ಗುತ್ತದೆ. ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯುವ ಕೂದಲಿನಲ್ಲಿ ಆ ನಷ್ಟ ತುಂಬುವುದು ನಿಧಾನ. ಉಪ್ಪುನೀರು ಚಿಮುಕಿಸಿದರೆ ಬೇಗ ಎನ್ನುತ್ತಾರೆ, ನನ್ನ ನೆತ್ತಿ ಒಣಗಿ ತುರಿಸಿತು, ಬಿಟ್ಟೆ.

ಜನರ ಮಾತಿನಲ್ಲೂ ವ್ಯತ್ಯಾಸವಿದೆ. ಸಲೂನಿನ ಜಟೆಯನ್ನು ಶೋಕಿ ಎಂದು ನಕ್ಕು ಬಿಟ್ಟರು. ತಾನಾಗಿ ಕಟ್ಟಿದ್ದನ್ನು ಕಂಡು ಯಾವ ಮಠ ಎಂದು ಕೇಳಿದರು. ಗಂಡಸಾದ ನನಗೆ ಅದು ತಮಾಷೆ. ಹೆಣ್ಣುಮಕ್ಕಳ ತಲೆಯಲ್ಲಿ ಜಟೆ ಕಂಡರೆ ಯಲ್ಲಮ್ಮ ಬಂದಳೆಂದು ದೇವಿಗೆ ಬಿಡುತ್ತಿದ್ದ ನಾಡು ಇದು. ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆ ರಾಜ್ಯದಲ್ಲಿ 1982ರಲ್ಲೇ ಬಂದರೂ ಆ ಕಣ್ಣು ಇನ್ನೂ ಪೂರ್ತಿ ಹೋಗಿಲ್ಲ. ಜಟೆ ಬಿಡಬೇಕೆಂದಿರುವ ಹುಡುಗಿಯರು ಆ ಪ್ರಶ್ನೆಗೂ ಉತ್ತರ ಸಿದ್ಧವಿಟ್ಟುಕೊಳ್ಳಬೇಕಾಗುತ್ತದೆ.

ಮನೆಯೊಳಗಿನ ಜಗಳ ದೀಪಾವಳಿಯದು. "ತಲೆಗೆ ಎಣ್ಣೆ ಮುಟ್ಟಿಸದೆ ಹಬ್ಬ ಮಾಡುತ್ತೀಯೇನೋ?" ಎಂದು ದೊಡ್ಡಮ್ಮ ಬಟ್ಟಲು ಹಿಡಿದು ನಿಂತರು. ನೆತ್ತಿಗೆ ಮೂರು ಬೊಟ್ಟು, ಉಳಿದದ್ದು ಮೈಗೆ ಎಂದು ರಾಜಿಯಾಯಿತು. ಅಷ್ಟು ಎಣ್ಣೆಗೆ ಜಟೆ ಬಿಚ್ಚುವುದಿಲ್ಲ.

ನಾನು ತೋಟದ ಕೆಲಸದವನು, ತಲೆ ಹೇಗಿರಬೇಕೆಂದು ಹೇಳುವ ಮೇಲಧಿಕಾರಿಯಿಲ್ಲ. ಬಚ್ಚಲಲ್ಲಿ ಹೇಗೂ ದಿನವೂ ಒಲೆ ಉರಿಯುತ್ತದೆ. ಅದಕ್ಕೇ ಕಾಯುವುದು ನನಗೆ ಸುಲಭವಾಯಿತು. ಬಾಡಿಗೆ ಮನೆಯಲ್ಲಿ ಗೀಸರ್ ನಂಬಿ, ಬೆಳಿಗ್ಗೆ ಎಂಟಕ್ಕೆ ಬಸ್ ಹಿಡಿಯುವವರಿಗೆ ಒಣಗಿಸುವುದಕ್ಕೇ ಪುರುಸೊತ್ತಾಗದು. ಅವರು ಸಲೂನಿಗೇ ಹೋಗುವುದಾದರೆ ಕ್ರೋಷಾ ಕೆಲಸ ಮಾತ್ರ ಮಾಡಿಸಿಕೊಳ್ಳಲಿ, ತೆಳ್ಳಗೆ ಕಟ್ಟಿಸಿಕೊಳ್ಳಲಿ, ಮೇಣ ಬೇಡವೆಂದು ಕುರ್ಚಿಯ ಮೇಲೆ ಕೂರುವ ಮೊದಲೇ ಹೇಳಲಿ. ನನ್ನ ದಾರಿ ಹಿಡಿಯುವವರು ಶುರು ಮಾಡಬೇಕಾದದ್ದು ದೀಪಾವಳಿ ಕಳೆದ ಮೇಲೆ. ಆಗ ಮುಂದಿನ ಮಳೆ ಹಿಡಿಯುವವರೆಗೆ ಆರೇಳು ತಿಂಗಳ ಬಿಸಿಲು ಕೈಯಲ್ಲಿರುತ್ತದೆ.