ಎರಡು ಸಹಿಯಿಲ್ಲದೆ ಚೆಕ್ ಹೊರಡದು: ಪೆನ್ಸಿಲ್ವೇನಿಯಾದ ಪರಿಹಾರ ಸಂಘಗಳ ಮಾರ್ಗಸೂಚಿ

ಪೆನ್ಸಿಲ್ವೇನಿಯಾದ ಆಡಿಟರ್ ಜನರಲ್ ಇಲಾಖೆ ಸ್ವಯಂಸೇವಕ ಅಗ್ನಿಶಾಮಕರ ಪರಿಹಾರ ಸಂಘಗಳಿಗಾಗಿ ಒಂದು ನಿರ್ವಹಣಾ ಮಾರ್ಗಸೂಚಿಯನ್ನು ಪ್ರಕಟಿಸಿದೆ. ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ಇಲ್ಲಿನ ಒಂದು ಸಣ್ಣ ಪಟ್ಟಣದ ಸಂಘಕ್ಕೆ ನಾನು ಖಜಾಂಚಿ. ಈ ಪುಸ್ತಿಕೆಯನ್ನು ಪಕ್ಕದಲ್ಲಿಟ್ಟುಕೊಂಡೇ ಲೆಕ್ಕ ಬರೆಯುತ್ತೇನೆ. ಇಂಥ ಸಂಘಕ್ಕೆ ಪದಾಧಿಕಾರಿಯಾಗಿ ಆಯ್ಕೆಯಾದವರು ಮೊದಲ ಚೆಕ್ಕಿಗೆ ಸಹಿ ಹಾಕುವ ಮುಂಚೆ ಇದನ್ನು ಓದಿ ಮುಗಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಮೆರಿಕದ ಹೊರಗಿರುವ ಓದುಗರಿಗೆ ಸ್ವಲ್ಪ ಹಿನ್ನೆಲೆ ಬೇಕು. ಈ ರಾಜ್ಯದ ಹೆಚ್ಚಿನ ಊರುಗಳಲ್ಲಿ ಬೆಂಕಿ ಆರಿಸಲು ಓಡಿಬರುವವರು ಸಂಬಳದ ನೌಕರರಲ್ಲ. ಹಗಲು ಬೇರೆ ಉದ್ಯೋಗ ಮಾಡಿಕೊಂಡು, ಕರೆ ಬಂದಾಗ ಎದ್ದು ಹೊರಡುವ ನೆರೆಹೊರೆಯವರು. ಅವರ ಸುರಕ್ಷತೆಗೆ, ಗಾಯವಾದಾಗ ಚಿಕಿತ್ಸೆಗೆ, ಸಾವು ಸಂಭವಿಸಿದರೆ ಕುಟುಂಬಕ್ಕೆ ನೆರವಾಗಲೆಂದು ಇರುವುದೇ ಪರಿಹಾರ ಸಂಘ. ಪೆನ್ಸಿಲ್ವೇನಿಯಾದ ಹೊರಗೆ ನೋಂದಣಿಯಾದ ವಿಮಾ ಕಂಪನಿಗಳು ಇಲ್ಲಿ ಸಂಗ್ರಹಿಸುವ ಅಗ್ನಿವಿಮೆಯ ಕಂತಿನ ಮೇಲೆ ರಾಜ್ಯ 2 ಪ್ರತಿಶತ ತೆರಿಗೆ ಹಾಕುತ್ತದೆ. ಆ ಹಣ ಆಡಿಟರ್ ಜನರಲ್ ಇಲಾಖೆಯ ಮೂಲಕ ಸ್ಥಳೀಯ ಆಡಳಿತಕ್ಕೆ ಬರುತ್ತದೆ. ಬಂದ 60 ದಿನಗಳೊಳಗೆ ಅದು ಸಂಘದ ಕೈ ಸೇರಬೇಕು. ಹೀಗೆ ಬಂದದ್ದು ಸಾರ್ವಜನಿಕರ ದುಡ್ಡು. ಅದಕ್ಕೇ ಪ್ರತಿ ಸಂಘದ ಲೆಕ್ಕವನ್ನೂ ಅದೇ ಇಲಾಖೆ ಪರಿಶೋಧಿಸುತ್ತದೆ. 1968ರ ಹಳೆಯ ಕಾಯ್ದೆಯ ಜಾಗದಲ್ಲಿ ಈಗ ಇರುವುದು 2010ರ 118ನೇ ಕಾಯ್ದೆ. ಮಾರ್ಗಸೂಚಿ ಅದರ ನಿಯಮಗಳನ್ನು ಬಿಡಿಸಿ ಹೇಳುತ್ತದೆ.

ಪುಸ್ತಿಕೆ ಒತ್ತಿ ಹೇಳುವ ವಿಷಯಗಳಲ್ಲಿ ಒಂದು, ಅಗ್ನಿಶಾಮಕ ಕಂಪನಿ (ಬೆಂಕಿ ಆರಿಸುವ ಸ್ವಯಂಸೇವಕರ ದಳ) ಬೇರೆ, ಪರಿಹಾರ ಸಂಘ ಬೇರೆ ಎಂಬುದು. ಊರಿನಲ್ಲಿ ಎರಡರ ಸದಸ್ಯರೂ ಬಹುತೇಕ ಅವರೇ, ಸೇರುವ ಕಟ್ಟಡವೂ ಅದೇ. ಆದರೆ ಸಂಘಕ್ಕೆ ತನ್ನದೇ ಬೈಲಾ, ತನ್ನದೇ ಬ್ಯಾಂಕ್ ಖಾತೆ, ತನ್ನದೇ ನಡಾವಳಿ ಇರಬೇಕು. ಕಂಪನಿಯ ಸಭೆ ಮುಗಿಯುವ ಹೊತ್ತಿಗೆ, ಜನ ಕುರ್ಚಿ ಮಡಚುತ್ತಿರುವಾಗ, "ಸಂಘದ್ದೂ ಒಂದು ಠರಾವು ಆಗಿಬಿಡಲಿ" ಎಂದರೆ ನಡೆಯದು. ಯಾವ ದಿನ ಸಭೆ ಸೇರಿತು, ಕೋರಂ ಇತ್ತೇ, ಯಾವ ಖರ್ಚಿಗೆ ಒಪ್ಪಿಗೆ ಸಿಕ್ಕಿತು, ಎಷ್ಟು ಮೊತ್ತ ಎಂಬುದೆಲ್ಲ ಪ್ರತ್ಯೇಕ ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು.

ನಾನು ಹೆಚ್ಚು ಮೆಚ್ಚುವುದು ಸಹಿ ಮತ್ತು ಬಾಂಡ್ ಕುರಿತ ನಿಯಮಗಳನ್ನು. ಸಂಘದ ಹೆಸರಿನಲ್ಲಿ ಚೆಕ್ ಹೊರಡಬೇಕಾದರೂ ಒಪ್ಪಂದ ಆಗಬೇಕಾದರೂ ಕನಿಷ್ಠ ಇಬ್ಬರು ಪದಾಧಿಕಾರಿಗಳ ಸಹಿ ಬೇಕು. ಅವರಲ್ಲಿ ಒಬ್ಬರು ಹಣ ಬಟವಾಡೆ ಮಾಡುವ ಅಧಿಕಾರಿಯೇ ಆಗಿರಬೇಕು. ಆ ಅಧಿಕಾರಿಯ ಮೇಲೆ ಜಾಮೀನು ಬಾಂಡ್, ಅಂದರೆ ಅವರ ಕೈಯಲ್ಲಿ ಹಣ ದುರ್ಬಳಕೆಯಾದರೆ ಸಂಘದ ನಷ್ಟ ತುಂಬಿಕೊಡುವ ಖಾತರಿ ಇರಬೇಕು. ಅದರ ಮೊತ್ತ ವರ್ಷದ ಯಾವುದೇ ದಿನ ಸಂಘದ ಚಾಲ್ತಿ ನಿಧಿಯಲ್ಲಿ ಇರಬಹುದಾದ ಗರಿಷ್ಠ ನಗದಿಗಿಂತ ಕಡಿಮೆಯಾಗುವಂತಿಲ್ಲ. ಬಾಂಡಿನ ಕಂತನ್ನು ಸಂಘದ ಹಣದಿಂದಲೇ ಕಟ್ಟಬಹುದು. ಎಡವಟ್ಟಾಗುವುದು ಗರಿಷ್ಠ ಎಂಬಲ್ಲಿ. ವರ್ಷವಿಡೀ ಖಾತೆಯಲ್ಲಿ 20,000 ಡಾಲರ್ ಇರುತ್ತದೆ ಎನ್ನೋಣ; 25,000ದ ಬಾಂಡ್ ಸಾಕು ಎಂದು ಎಲ್ಲರೂ ನಿಶ್ಚಿಂತರಾಗಿರುತ್ತಾರೆ. ರಾಜ್ಯದ ನೆರವು ಒಂದೇ ಗಂಟಾಗಿ ಬಂದು ಬೀಳುತ್ತದೆ, ಶಿಲ್ಕು 50,000 ದಾಟುತ್ತದೆ. ಅದು ಕೆಲವೇ ವಾರ ಇದ್ದರೂ ನಿಯಮದ ಪ್ರಕಾರ ಬಾಂಡ್ ಸಾಲದು, ಪರಿಶೋಧನಾ ವರದಿಯಲ್ಲಿ ಆಕ್ಷೇಪ ಬರುತ್ತದೆ.

ಇಷ್ಟೊಂದು ಕಟ್ಟುಪಾಡು ಸೇವೆ ಮಾಡುವವರಿಗೆ ಅವಮಾನವಲ್ಲವೇ ಎಂದು ಹಿರಿಯ ಸದಸ್ಯರು ಕೇಳುವುದುಂಟು. ನನಗೆ ಹಾಗೆ ಅನ್ನಿಸುವುದಿಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಲೆಕ್ಕದ ಬಗ್ಗೆ ಒಂದು ಗುಸುಗುಸು ಹುಟ್ಟಿದರೆ ಮುಗಿಯಿತು. ನಿರಪರಾಧಿ ಖಜಾಂಚಿಗೂ ಅದನ್ನು ತೊಳೆದುಕೊಳ್ಳಲು ವರ್ಷಗಳು ಬೇಕು. ಎರಡನೆಯ ಸಹಿ ನನ್ನ ಬೆನ್ನಿಗಿದೆ ಎಂಬ ಧೈರ್ಯದಿಂದಲೇ ನಾನು ಈ ಹುದ್ದೆಯಲ್ಲಿದ್ದೇನೆ. ಬರೆದಿಟ್ಟ ನಿಯಮ ಈ ನಾಡಿನ ಅಗ್ನಿಶಾಮಕರಿಗೆ ಹೊಸದೂ ಅಲ್ಲ. 1736ರಲ್ಲಿ ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಗೆಳೆಯರು ಯೂನಿಯನ್ ಫೈರ್ ಕಂಪನಿ ಕಟ್ಟಿದಾಗಲೇ, ಸದಸ್ಯರು ಚರ್ಮದ ಬಕೆಟ್ಟುಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕೆಂದು ಲಿಖಿತ ಕರಾರು ಮಾಡಿಕೊಂಡಿದ್ದರು.

ಬೈಲಾದಲ್ಲಿ ಕಡ್ಡಾಯವಾಗಿ ಇರಬೇಕಾದ ಇನ್ನೊಂದು ಅಂಶ, ಮರಣ ಪರಿಹಾರಕ್ಕೆ ಯಾರು ಅರ್ಹರು ಎಂಬ ಮಾನದಂಡ. ನಾನು ಓದಿದ ಒಂದು ಸಂಘದ ಬೈಲಾದಲ್ಲಿ ಈ ಜಾಗದಲ್ಲಿ "ಆಡಳಿತ ಮಂಡಳಿ ಸೂಕ್ತವೆಂದು ಕಂಡಂತೆ" ಎಂದಷ್ಟೇ ಇತ್ತು. ಅದನ್ನು ಓದಿ ನನಗೆ ಸಂಕಟವಾಯಿತು. ಸದಸ್ಯನೊಬ್ಬ ತೀರಿಕೊಂಡ ವಾರದಲ್ಲಿ, ಅವನ ಹೆಂಡತಿ ಎದುರಿಗೆ ಕುಳಿತಿರುವಾಗ, ಅವನು ಎಷ್ಟು ವರ್ಷ ಸಕ್ರಿಯನಾಗಿದ್ದ, ಎಷ್ಟು ತರಬೇತಿಗೆ ಬಂದಿದ್ದ ಎಂದು ಮಂಡಳಿ ಚರ್ಚೆಗೆ ಕೂರುವುದೇ? ಅರ್ಹತೆಗೆ ಬೇಕಾದ ಸೇವಾವಧಿ ಎಷ್ಟು, ನಿವೃತ್ತ ಸದಸ್ಯರಿಗೂ ಸಿಗುವುದೇ, ಹಣ ಯಾರ ಹೆಸರಿಗೆ ಹೋಗಬೇಕು ಎಂಬುದನ್ನೆಲ್ಲ ಎಲ್ಲರೂ ಗಟ್ಟಿಮುಟ್ಟಾಗಿರುವಾಗಲೇ ತೀರ್ಮಾನಿಸಿ ಬರೆದಿಡಬೇಕು. ಕಾಯ್ದೆ ಈ ಕೆಲಸವನ್ನು ಸಂಘಕ್ಕೇ ಬಿಟ್ಟಿದೆ; ಸಂಘ ಅದನ್ನು ಮುಂದೂಡಿದರೆ ಭಾರ ಬೀಳುವುದು ಆ ಕುಟುಂಬದ ಮೇಲೆ.

ಖರ್ಚಿನ ಪಟ್ಟಿ ಸ್ಪಷ್ಟವಾಗಿದೆ. ಸದಸ್ಯರ ವಿಮೆ, ವೈದ್ಯಕೀಯ ತಪಾಸಣೆ, ತರಬೇತಿ ಶುಲ್ಕ, ಅಗ್ನಿನಿರೋಧಕ ಕೋಟು, ಹೆಲ್ಮೆಟ್, ಉಸಿರಾಟದ ಸಿಲಿಂಡರಿನಂಥ ಸುರಕ್ಷತಾ ಸಾಧನಗಳಿಗೆ ಅನುಮತಿ ಇದೆ. ಠಾಣೆಯ ವಿದ್ಯುತ್ ಬಿಲ್ಲಿನಂಥ ಕಂಪನಿಯ ದಿನನಿತ್ಯದ ಖರ್ಚಿಗೆ ಇಲ್ಲ. ಸಂಘ ಕೊಂಡ ಸಾಧನ ಸಂಘದ್ದೇ ಸ್ವತ್ತು. ಅದು ಕಂಪನಿಯ ಟ್ರಕ್ಕಿನಲ್ಲಿದ್ದರೂ ದಾಸ್ತಾನು ಪುಸ್ತಕದಲ್ಲಿ ಕೊಂಡ ದಿನಾಂಕ, ಬೆಲೆ, ಕ್ರಮಸಂಖ್ಯೆ ಬರೆದು, ವರ್ಷಕ್ಕೊಮ್ಮೆ ಕಣ್ಣಾರೆ ತಾಳೆ ನೋಡಬೇಕು. ಕೋಟು ಯಾರ ಲಾಕರಿನಲ್ಲಿದೆ ಎಂದು ಹುಡುಕುತ್ತ ಠಾಣೆ ಸುತ್ತುವುದು ಬೇಸರದ ಕೆಲಸವೇ ಸರಿ. ಆದರೆ ಹಳೆಯದಾಗಿ ಅಂಚು ಸವೆದ ಕೋಟುಗಳು ಕಣ್ಣಿಗೆ ಬೀಳುವುದೂ ಆ ಸುತ್ತಾಟದಲ್ಲಿಯೇ.

ನನ್ನ ತಕರಾರು ಇರುವುದು ರಾಜ್ಯದ ನೆರವಿನ ಹಂಚಿಕೆ ಸೂತ್ರದ ಬಗ್ಗೆ. ಯಾವ ಊರಿಗೆ ಎಷ್ಟು ಹಣ ಎಂಬುದನ್ನು ನಿರ್ಧರಿಸುವುದು ಅಲ್ಲಿನ ಜನಸಂಖ್ಯೆ ಮತ್ತು ಸ್ಥಿರಾಸ್ತಿಯ ಮಾರುಕಟ್ಟೆ ಮೌಲ್ಯ. ಆ ಊರಿನ ಸ್ವಯಂಸೇವಕರು ವರ್ಷಕ್ಕೆ ಎಷ್ಟು ಕರೆಗಳಿಗೆ ಓಡುತ್ತಾರೆ ಎಂಬುದಕ್ಕೆ ಸೂತ್ರದಲ್ಲಿ ಜಾಗವಿಲ್ಲ. ದೊಡ್ಡ ಹೆದ್ದಾರಿ ಹಾದುಹೋಗಿ ಅಪಘಾತದ ಕರೆಗಳು ಹೆಚ್ಚಿರುವ, ಮನೆಗಳ ಬೆಲೆ ಕಡಿಮೆಯಿರುವ ಸಣ್ಣ ಊರಿಗೆ ಇದು ನ್ಯಾಯವಲ್ಲ. ಇದನ್ನು ಸರಿಪಡಿಸಬೇಕಾದದ್ದು ರಾಜಧಾನಿ ಹ್ಯಾರಿಸ್‌ಬರ್ಗ್‌ನ ಶಾಸನಸಭೆ.

ಹೊಸ ಪದಾಧಿಕಾರಿಗಳು ಮಾರ್ಗಸೂಚಿಯ ಜೊತೆಗೆ ಬೇರೆ ಸಂಘಗಳ ಪರಿಶೋಧನಾ ವರದಿಗಳನ್ನೂ ಓದಲಿ. ಅವು ಸಾರ್ವಜನಿಕ ದಾಖಲೆಗಳು. ವೋಚರ್ ಇಲ್ಲದ ಖರ್ಚು, ಅಪೂರ್ಣ ನಡಾವಳಿ, ಕಡಿಮೆ ಮೊತ್ತದ ಬಾಂಡ್, ಮಾರಾಟ ತೆರಿಗೆ ವಿನಾಯಿತಿ ಸಂಖ್ಯೆ ಪಡೆಯದೆ ಇರುವುದು ಮುಂತಾದ ಆಕ್ಷೇಪಗಳು ಅವುಗಳಲ್ಲಿ ಮತ್ತೆ ಮತ್ತೆ ಕಾಣುತ್ತವೆ. ಅಧಿಕಾರ ವಹಿಸಿಕೊಂಡ ದಿನ ಮೊದಲು ಮಾಡಬೇಕಾದ ಕೆಲಸ ಇಷ್ಟು: ಹಿಂದಿನ ವರ್ಷದ ಬ್ಯಾಂಕ್ ವಿವರಣಪಟ್ಟಿ ತೆಗೆದು ಅತಿ ಹೆಚ್ಚು ಶಿಲ್ಕು ಇದ್ದ ದಿನವನ್ನು ಹುಡುಕಿ, ಆ ಮೊತ್ತವನ್ನು ಬಾಂಡಿನ ಮೊತ್ತದ ಪಕ್ಕದಲ್ಲಿ ಬರೆದು ನೋಡಿ. ಬಾಂಡ್ ಕಡಿಮೆಯಿದ್ದರೆ ಮುಂದಿನ ನೆರವಿನ ಚೆಕ್ ಬರುವ ಮುಂಚೆಯೇ ಹೆಚ್ಚಿಸಿ, ಆ ಠರಾವನ್ನು ನಡಾವಳಿಯಲ್ಲಿ ದಾಖಲಿಸಿ.