ಗೇಮ್ ಬಾಯ್ ಅಡ್ವಾನ್ಸ್‌ಗೆ ಐಪಿಎಸ್ ಪರದೆ: ಕಿಟ್ ಚೆನ್ನಾಗಿದೆ, ಆದರೆ ಮೊದಲು ಸ್ವಿಚ್ ತೊಳೆಯಿರಿ

2001ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ, ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಕನ್ಸೋಲ್ ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ ಎಲ್ಲವೂ ಇತ್ತು, ಬೆಳಕೊಂದನ್ನು ಬಿಟ್ಟು. 16.78 ಮೆಗಾಹರ್ಟ್ಸ್‌ನ ಎಆರ್‌ಎಂ ಪ್ರೊಸೆಸರ್, ಎರಡು ಎಎ ಸೆಲ್‌ಗಳಲ್ಲಿ ಸುಮಾರು 15 ಗಂಟೆ ಆಟ, ಎರಡೂ ಅಂಗೈಗೆ ಹಿತವಾಗಿ ಕೂರುವ ಅಡ್ಡ ಮೈ. ಆದರೆ 61.2 ಗುಣಿಸು 40.8 ಮಿಲಿಮೀಟರಿನ ಆ ಪರದೆ ಹೊರಗಿನ ಬೆಳಕನ್ನು ಪ್ರತಿಫಲಿಸಿಯೇ ಚಿತ್ರ ತೋರಿಸಬೇಕು. ಸಂಜೆಯಾದರೆ ಆಟ ಮುಗಿದಂತೆ. 2003ರ ಎಸ್‌ಪಿ ಮಾದರಿಗೆ ಮುಂಬದಿಯ ಬೆಳಕು ಬಂತು, 2005ರಲ್ಲಿ ಅದೇ ಎಸ್‌ಪಿಯ ಎಜಿಎಸ್-101 ಆವೃತ್ತಿಗೆ ನಿಜವಾದ ಬ್ಯಾಕ್‌ಲೈಟ್ (ಹಿಂಬದಿಯ ಬೆಳಕು) ಬಂತು. ಆದರೆ ಎಸ್‌ಪಿಯಲ್ಲಿ ಮಾಮೂಲಿ ಹೆಡ್‌ಫೋನ್ ಜಾಕ್ ಇಲ್ಲ, ದೊಡ್ಡ ಕೈಗಳಿಗೆ ಅದು ಇಕ್ಕಟ್ಟು. ಹಳೆಯ ಅಡ್ಡ ಮಾದರಿಯ ಮೈ, ಎಸ್‌ಪಿಯ ಬೆಳಕು, ಎರಡೂ ಬೇಕು ಅನ್ನುವವರಿಗಾಗಿಯೇ ಐಪಿಎಸ್ (ಯಾವ ಕೋನದಿಂದಲೂ ಬಣ್ಣ ಮಾಸದ ಎಲ್‌ಸಿಡಿ) ಪರದೆಯ ಕಿಟ್‌ಗಳು ಹುಟ್ಟಿಕೊಂಡವು. ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ‘ವಿ2’ ಬಗೆಯ ಕಿಟ್ ಬಗ್ಗೆ ಈ ವಿಮರ್ಶೆ.

ಚಿತ್ರದ ಗುಣಮಟ್ಟದ ಬಗ್ಗೆ ಎರಡು ಮಾತಿಲ್ಲ. ಕಪ್ಪು ಕಪ್ಪಾಗಿಯೇ ಕಾಣುತ್ತದೆ, ಯಾವ ಕೋನದಿಂದ ನೋಡಿದರೂ ಬಣ್ಣ ಮಾಸುವುದಿಲ್ಲ. ಕನ್ಸೋಲ್ ಜೊತೆಗೇ ಬಿಡುಗಡೆಯಾದ ‘ಕ್ಯಾಸಲ್‌ವೇನಿಯಾ: ಸರ್ಕಲ್ ಆಫ್ ದ ಮೂನ್’ ಮೂಲ ಪರದೆಯಲ್ಲಿ ಕತ್ತಲೆಯ ಮುದ್ದೆಯಂತೆ ಕಾಣುತ್ತಿತ್ತು, ಇಲ್ಲಿ ಗೋಡೆಯ ಒಂದೊಂದು ಇಟ್ಟಿಗೆಯನ್ನೂ ಎಣಿಸಬಹುದು. ಇದಕ್ಕೆ ಇನ್ನೊಂದು ಮುಖವೂ ಇದೆ. ಮಬ್ಬು ಪರದೆಯಲ್ಲಿ ಕಾಣಲಿ ಎಂದು ಅನೇಕ ಆಟಗಳ ಬಣ್ಣಗಳನ್ನು ಬೇಕೆಂದೇ ಢಾಳಾಗಿ ಇಟ್ಟಿದ್ದರು. ಐಪಿಎಸ್‌ನಲ್ಲಿ ಆ ಬಣ್ಣಗಳು ಕಣ್ಣಿಗೆ ಹೊಡೆಯುತ್ತವೆ. ಇನ್ನು ಕೆಲವು ಆಟಗಳು ನೆರಳನ್ನೋ ಪಾರದರ್ಶಕತೆಯನ್ನೋ ತೋರಿಸಲು ಒಂದು ಚಿತ್ರವನ್ನು ಒಂದು ಫ್ರೇಮ್ ಬಿಟ್ಟು ಒಂದು ಫ್ರೇಮ್ ಬರೆಯುತ್ತವೆ. ಹಳೆಯ ಪರದೆ ನಿಧಾನದ್ದು, ಹಾಗಾಗಿ ಎರಡು ಫ್ರೇಮ್‌ಗಳು ಒಂದರೊಳಗೊಂದು ಕರಗಿ ನೆರಳು ಮೆತ್ತಗೆ ಕಾಣುತ್ತಿತ್ತು. ಚುರುಕಾದ ಹೊಸ ಪರದೆಯಲ್ಲಿ ಅದೇ ನೆರಳು ಮಿಣಮಿಣ ಎನ್ನುತ್ತದೆ. ಇದು ಕಿಟ್‌ನ ದೋಷ ಅಲ್ಲ. ಇದಕ್ಕಾಗಿ ಯಾರೂ ಕಿಟ್ ವಾಪಸ್ ಕಳಿಸಬೇಕಿಲ್ಲ.

ಕೊಳ್ಳುವಾಗಲೇ ಗಮನಿಸಬೇಕಾದ್ದು ಪರದೆಯನ್ನು ಬೋರ್ಡಿಗೆ ಜೋಡಿಸುವ ಚಪ್ಪಟೆ ರಿಬ್ಬನ್ ಕೇಬಲ್. ಈ ಕನ್ಸೋಲಿನ ಬೋರ್ಡ್‌ಗಳಲ್ಲಿ ಪರದೆಯ ಕನೆಕ್ಟರ್ ಎರಡು ಬಗೆ: 40 ಪಿನ್‌ನದು, 32 ಪಿನ್‌ನದು. ಹೊರಗಿನ ಬಣ್ಣ ನೋಡಿ ಯಾವುದೆಂದು ಹೇಳಲಾಗದು. ಕಿಟ್ ಎರಡಕ್ಕೂ ಹೊಂದುವ ಕೇಬಲ್ ಕೊಡುತ್ತದೆಯೇ ಎಂದು ಆರ್ಡರ್ ಮಾಡುವ ಮುನ್ನ ಮಾರುವವರ ವಿವರಣೆಯಲ್ಲಿ ಓದಿಕೊಳ್ಳಿ. ಒಂದೇ ಬಗೆ ಕೊಡುವ ಅಗ್ಗದ ಕಿಟ್ ಆದರೆ ಮೊದಲು ಕನ್ಸೋಲ್ ತೆರೆದು ನೋಡಿ, ಆಮೇಲೆ ಹಣ ಕಟ್ಟಿ.

ಶೆಲ್ (ಹೊರಕವಚ) ವಿಷಯದಲ್ಲಿ ನಮ್ಮ ಅಭಿಪ್ರಾಯ ಖಚಿತ: ಮೂಲ ಶೆಲ್ ಕತ್ತರಿಸಬೇಡಿ. ಹೊಸ ಪ್ಯಾನೆಲ್ ಹಳೆಯದಕ್ಕಿಂತ ದೊಡ್ಡದು. ಮೂಲ ಶೆಲ್‌ನಲ್ಲಿ ಅದನ್ನು ಕೂರಿಸಬೇಕಾದರೆ ಪರದೆಯ ಸುತ್ತಲಿನ ಒಳಗೋಡೆಗಳನ್ನು ಕಟ್ಟರ್‌ನಿಂದ ಕತ್ತರಿಸಿ, ಚಾಕುವಿನಿಂದ ಕೆರೆದು ಸಮ ಮಾಡಬೇಕು. ಒಂದು ಕಡೆ ಅರ್ಧ ಮಿಲಿಮೀಟರ್ ಉಳಿದರೂ ಶೆಲ್ ಮುಚ್ಚಿದಾಗ ಪ್ಯಾನೆಲ್ ಮೇಲೆ ಒತ್ತಡ ಬಿದ್ದು ಮೂಲೆಯಲ್ಲಿ ಬಿಳಿ ಮಚ್ಚೆ ಮೂಡುತ್ತದೆ, ಇಲ್ಲವೇ ಗಾಜು ಬಿರಿಯುತ್ತದೆ. ಇಂಡಿಗೊ, ಆರ್ಕ್‌ಟಿಕ್, ಗ್ಲೇಸಿಯರ್ ಬಣ್ಣದ ಅಸಲಿ ಶೆಲ್‌ಗಳು ಮತ್ತೆ ತಯಾರಾಗುವುದಿಲ್ಲ. ಐಪಿಎಸ್‌ಗೆಂದೇ ಅಚ್ಚು ಹಾಕಿದ ಹೊಸ ಶೆಲ್ ಮತ್ತು ಅದಕ್ಕೆ ಹೊಂದುವ ಗಾಜಿನ ಲೆನ್ಸ್ (ಪರದೆಯ ಮೇಲಿನ ಹೊದಿಕೆ) ಕೊಂಡರೆ ಕತ್ತರಿಸುವ ಕೆಲಸವೇ ಇರುವುದಿಲ್ಲ, ಮೂಲ ಶೆಲ್ ಹಾಗೇ ಉಳಿಯುತ್ತದೆ. ಹೊಸ ಶೆಲ್‌ಗಳ ಪ್ಲಾಸ್ಟಿಕ್ ಅಸಲಿಯಷ್ಟು ಗಟ್ಟಿ ಅಲ್ಲ, ನಿಜ. ಜೊತೆಗೆ ಬರುವ ಬಟನ್‌ಗಳೂ ರಬ್ಬರ್ ಪ್ಯಾಡ್‌ಗಳೂ ಒತ್ತಿದಾಗ ಸಿಕ್ಕಿಕೊಳ್ಳುವುದುಂಟು. ಹಳೆಯ ಬಟನ್ ಮತ್ತು ರಬ್ಬರ್‌ಗಳನ್ನೇ ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿದರೆ ಒತ್ತುವ ಅನುಭವ ಮೊದಲಿನಂತೆಯೇ ಇರುತ್ತದೆ.

ಇನ್ನು ಬಿಚ್ಚುವುದು. ಸೆಲ್, ಕಾರ್ಟ್ರಿಜ್ ಎರಡನ್ನೂ ತೆಗೆದಿಡಿ. ಹಿಂಭಾಗದಲ್ಲಿ ಮೂರು ರೆಕ್ಕೆಯ ಟ್ರೈ-ವಿಂಗ್ ಸ್ಕ್ರೂ ಆರು, ಬ್ಯಾಟರಿ ಗೂಡಿನೊಳಗೆ ಮಾಮೂಲಿ ಫಿಲಿಪ್ಸ್ ಒಂದು. ಟ್ರೈ-ವಿಂಗ್‌ಗೆ ಚಪ್ಪಟೆ ಸ್ಕ್ರೂಡ್ರೈವರ್ ತುರುಕಿದರೆ ತಲೆ ಸವೆದು ಸ್ಕ್ರೂ ಅಲ್ಲೇ ಕೂರುತ್ತದೆ, ಹಾಗಾಗಿ ಸರಿಯಾದ ಬಿಟ್ ಇಲ್ಲದೆ ಕೈ ಹಾಕಬೇಡಿ. ಒಳಗೆ ಬೋರ್ಡನ್ನು ಹಿಡಿದಿರುವುದು ಮೂರು ಫಿಲಿಪ್ಸ್ ಸ್ಕ್ರೂ. ಎಲ್ ಮತ್ತು ಆರ್ ಬಟನ್‌ಗಳ ಸಣ್ಣ ಲೋಹದ ಕಡ್ಡಿ ಮತ್ತು ಸ್ಪ್ರಿಂಗ್ ಹಾರಿಹೋಗುವ ವಸ್ತುಗಳು. ಅವು ಕೂತಿದ್ದ ರೀತಿಯನ್ನು ಫೋನಿನಲ್ಲಿ ಫೋಟೊ ತೆಗೆದುಕೊಂಡೇ ಮುಂದುವರಿಯಿರಿ.

ಹಳೆಯ ರಿಬ್ಬನ್ ಅನ್ನು ಎಳೆಯುವ ಮುನ್ನ ಕನೆಕ್ಟರಿನ ಎರಡೂ ತುದಿಯ ಲಾಕನ್ನು ಸರಿಸಬೇಕು. ಅದು ಮೇಲಕ್ಕೆ ಏಳುವ ಬಗೆಯದಲ್ಲ, ಹೊರಕ್ಕೆ ಒಂದೆರಡು ಮಿಲಿಮೀಟರ್ ಜಾರುವ ಬಗೆಯದು. ಎರಡು ದಶಕ ದಾಟಿದ ಪ್ಲಾಸ್ಟಿಕ್ ಇದು, ಒಂದೇ ಬದಿಯನ್ನು ಎಳೆದರೆ ಕಿವಿ ಮುರಿಯುತ್ತದೆ. ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ, ಹೀಗೆ ಸರದಿಯಲ್ಲಿ ಸರಿಸಿ.

ಹೊಸ ಪರದೆ ಕೈಯಲ್ಲಿದೆ ಎಂದು ಇಲ್ಲೇ ಜೋಡಿಸಲು ಹೊರಡಬೇಡಿ. ಈ ಕಿಟ್ ಬಗ್ಗೆ ಕೇಳಿಬರುವ ದೂರುಗಳಲ್ಲಿ ದೊಡ್ಡ ಪಾಲು ಪರದೆಯದ್ದಲ್ಲ, ಪವರ್ ಸ್ವಿಚ್‌ನದ್ದು. ಆಡುತ್ತಿರುವಾಗ ತಾನಾಗಿ ರೀಸ್ಟಾರ್ಟ್ ಆಗುವುದು, ಹೊಸ ಸೆಲ್ ಹಾಕಿದರೂ ಹಸಿರು ದೀಪ ಬೇಗ ಕೆಂಪಾಗುವುದು, ಬೆಳಕು ಹೆಚ್ಚಿಸಿದ ಕೂಡಲೇ ಆಫ್ ಆಗುವುದು, ಎಲ್ಲದಕ್ಕೂ ಮೂಲ ಒಂದೇ. ಸ್ವಿಚ್‌ನೊಳಗಿನ ಲೋಹ ಇಷ್ಟು ವರ್ಷಗಳಲ್ಲಿ ಕಪ್ಪಾಗಿ ಪ್ರತಿರೋಧ ಬೆಳೆದಿರುತ್ತದೆ. ಬ್ಯಾಕ್‌ಲೈಟ್ ಇಲ್ಲದ ಮೂಲ ಪರದೆ ಎಳೆಯುತ್ತಿದ್ದ ಕರೆಂಟ್ ಕಡಿಮೆ, ಆದ್ದರಿಂದ ಆಗ ಅದು ಗೊತ್ತಾಗುತ್ತಿರಲಿಲ್ಲ. ಲೆಕ್ಕ ಸುಲಭ: ಸ್ವಿಚ್‌ನಲ್ಲಿ 1 ಓಮ್ ಪ್ರತಿರೋಧ ಇದ್ದು 200 ಮಿಲಿಆಂಪ್ ಹರಿದರೆ 0.2 ವೋಲ್ಟ್ ಅಲ್ಲೇ ನಷ್ಟ. ಎರಡು ರೀಚಾರ್ಜಬಲ್ ಸೆಲ್ ಕೊಡುವುದೇ 2.4 ವೋಲ್ಟ್. ಅದರಲ್ಲಿ 0.2 ಹೋದರೆ ಬೋರ್ಡ್ ಸೆಲ್ ಖಾಲಿಯಾಯಿತು ಎಂದೇ ತಿಳಿಯುತ್ತದೆ.

ಹಾಗಾಗಿ ಸೆಲ್ ಇಲ್ಲದೆ, ಸ್ವಿಚ್ ಆನ್ ಸ್ಥಿತಿಯಲ್ಲಿಟ್ಟು, ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ ಸ್ವಿಚ್‌ನ ಎರಡು ಕಾಲುಗಳ ನಡುವೆ ಅಳೆಯಿರಿ. ಮೊದಲು ಪ್ರೋಬ್‌ಗಳನ್ನೇ ಒಂದಕ್ಕೊಂದು ಮುಟ್ಟಿಸಿ ಬರುವ ಅಂಕಿಯನ್ನು ಕಳೆಯಲು ಮರೆಯಬೇಡಿ. ಉಳಿದದ್ದು ಸೊನ್ನೆಗೆ ಹತ್ತಿರ ಇರಬೇಕು. ಅರ್ಧ ಓಮ್ ದಾಟಿದರೆ ತೊಳೆಯಲೇಬೇಕು. ಒಂದೆರಡು ಹನಿ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಅಥವಾ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು, ಸ್ವಿಚ್ಚನ್ನು ಮೂವತ್ತು ಸಲ ಆಚೀಚೆ ಆಡಿಸಿ, ಒಣಗಲು ಬಿಟ್ಟು ಮತ್ತೆ ಅಳೆಯಿರಿ. ಎರಡು ಮೂರು ಸುತ್ತು ಬೇಕಾಗಬಹುದು. ಬಾಗಿಲ ಕೀಲಿಗೆ ಹಾಕುವ ಎಣ್ಣೆಯ ಸ್ಪ್ರೇ ಬೇಡ, ಅದು ಧೂಳು ಹಿಡಿದು ಆರು ತಿಂಗಳಲ್ಲಿ ಇನ್ನಷ್ಟು ಕೆಡಿಸುತ್ತದೆ. ಬ್ಯಾಟರಿ ತಗಡುಗಳ ಮೇಲೆ ಬಿಳಿ ಅಥವಾ ಹಸಿರು ಪುಡಿ ಇದ್ದರೆ ಅದು ಆಲ್ಕಲೈನ್ ಸೆಲ್ ಸೋರಿದ ಗುರುತು. ಹತ್ತಿಯ ಇಯರ್‌ಬಡ್ ಅನ್ನು ಬಿಳಿ ವಿನೆಗರ್‌ನಲ್ಲಿ ಅದ್ದಿ ಒರೆಸಿ, ಆಮೇಲೆ ಆಲ್ಕೋಹಾಲ್‌ನಿಂದ ಒರೆಸಿ. ಈ ಅರ್ಧ ಗಂಟೆಯ ಕೆಲಸ ಮಾಡದೆ ಕಿಟ್‌ಗೆ ಒಂದು ಸ್ಟಾರ್ ಕೊಡುವುದು ಸರಿಯಲ್ಲ.

ಜೋಡಿಸುವಾಗ ಪ್ಯಾನೆಲ್‌ನ ರಕ್ಷಣಾ ಹಾಳೆಯನ್ನು ಕೊನೆಯವರೆಗೂ ತೆಗೆಯಬೇಡಿ. ಶೆಲ್‌ಗೆ ಅಂಟಿಸುವ ಮುನ್ನವೇ ರಿಬ್ಬನ್ ಸಿಕ್ಕಿಸಿ, ಪವರ್ ಕೊಟ್ಟು ಚಿತ್ರ ಬರುತ್ತದೆಯೇ ನೋಡಿ. ಸದ್ದು ಬಂದು ಚಿತ್ರ ಬಾರದಿದ್ದರೆ ರಿಬ್ಬನ್ ಪೂರ್ತಿ ಒಳಗೆ ಹೋಗಿಲ್ಲ ಅಥವಾ ಲಾಕ್ ಕೂತಿಲ್ಲ. ಉದ್ದ ಗೆರೆಗಳು ಬಂದರೆ ರಿಬ್ಬನ್ ಓರೆಯಾಗಿದೆ ಅಥವಾ ಪಿನ್‌ಗಳ ಮೇಲೆ ಕೊಳೆ ಇದೆ. ಹೊರತೆಗೆದು ಆಲ್ಕೋಹಾಲ್‌ನಲ್ಲಿ ಒರೆಸಿ ನೇರವಾಗಿ ಹಾಕಿ. ರಿಬ್ಬನ್ ಅನ್ನು ಕಾಗದದಂತೆ ಮಡಚಿ ಗೆರೆ ಬೀಳಿಸಬೇಡಿ, ದುಂಡಗೆ ಬಾಗಿಸಿ. ಅದರ ಬಿಡಿಭಾಗಗಳಿರುವ ಬದಿ ಬೋರ್ಡಿಗೆ ತಾಗುವ ಕಡೆ ಕ್ಯಾಪ್ಟಾನ್ ಟೇಪ್ (ಶಾಖ ತಡೆಯುವ, ವಿದ್ಯುತ್ ಹರಿಯಗೊಡದ ಟೇಪ್) ಒಂದು ಪದರ ಹಾಕಿ. ಇದನ್ನು ಬಿಟ್ಟವರ ಬೋರ್ಡಿನಲ್ಲಿ ಶಾರ್ಟ್ ಆಗಿ ಫ್ಯೂಸ್ ಹೋಗುವುದು ಅಪರೂಪವೇನಲ್ಲ.

ಬೆಸುಗೆ ಹಾಕದೆಯೂ ಪರದೆ ಉರಿಯುತ್ತದೆ, ಆದರೆ ಬಟನ್‌ಗಳಿಂದ ಬೆಳಕನ್ನು ಹೆಚ್ಚು ಕಡಿಮೆ ಮಾಡಲಾಗದು. ಅದಕ್ಕೆ ಮೂರು ತಂತಿ ಬೇಕು: ಸೆಲೆಕ್ಟ್‌ಗೆ ಟಿಪಿ2, ಆರ್‌ಗೆ ಟಿಪಿ8, ಎಲ್‌ಗೆ ಟಿಪಿ9. ಇವು ಬೋರ್ಡ್ ಮೇಲಿನ ಸಣ್ಣ ಪರೀಕ್ಷಾ ಪ್ಯಾಡ್‌ಗಳು, ಹೆಸರುಗಳನ್ನು ಅಲ್ಲೇ ಮುದ್ರಿಸಿಯೇ ಇದ್ದಾರೆ. 30 ಗೇಜಿನ ತೆಳು ತಂತಿ, 330 ಡಿಗ್ರಿ ಆಸುಪಾಸಿನ ಬಿಸಿ, ಸ್ವಲ್ಪ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಪೇಸ್ಟ್). ಮೊದಲು ಪ್ಯಾಡ್‌ಗೂ ತಂತಿಗೂ ಬೇರೆ ಬೇರೆಯಾಗಿ ಬೆಸುಗೆ ಸೀಸ ಹಚ್ಚಿ, ಆಮೇಲೆ ಒಂದು ಸೆಕೆಂಡ್ ಮುಟ್ಟಿಸಿದರೆ ಸಾಕು. ಮೂರು ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಪ್ಯಾಡ್ ಎದ್ದುಬರುತ್ತದೆ. ತಂತಿ ಎಳೆದಾಗ ಭಾರ ಪ್ಯಾಡ್ ಮೇಲೆ ಬೀಳದಂತೆ ಟೇಪಿನ ಚೂರಿನಿಂದ ಬೋರ್ಡಿಗೆ ಅಂಟಿಸಿ. ಈ ಮೂರು ತಂತಿ ಹಾಕಿಸಿಕೊಳ್ಳುವುದು ಖಂಡಿತ ಒಳ್ಳೆಯದು: ರಾತ್ರಿ ದೀಪ ಆರಿಸಿದ ಕೋಣೆಯಲ್ಲಿ ಪೂರ್ತಿ ಬೆಳಕು ಕಣ್ಣು ಚುಚ್ಚುತ್ತದೆ, ಸೆಲ್ ಕೂಡ ತಿನ್ನುತ್ತದೆ.

ಸೆಲ್ ಬಾಳಿಕೆಯೇ ಈ ಕಿಟ್‌ನ ನಿಜವಾದ ಬೆಲೆ. ಮೂಲದ 15 ಗಂಟೆಯನ್ನು ಮರೆತುಬಿಡಿ. ಮಧ್ಯಮ ಬೆಳಕಿನಲ್ಲಿ ಅದರ ಅರ್ಧ ಸಿಕ್ಕರೆ ಸಮಾಧಾನ ಪಡಬೇಕು. ಅಗ್ಗದ ಜಿಂಕ್-ಕಾರ್ಬನ್ ಸೆಲ್ ಹಾಕಲೇಬೇಡಿ, ಕರೆಂಟ್ ಎಳೆದ ಕೂಡಲೇ ಅದರ ವೋಲ್ಟೇಜ್ ಕುಸಿಯುತ್ತದೆ. 2000 ಎಂಎಎಚ್ ಆಸುಪಾಸಿನ ಒಳ್ಳೆಯ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಎರಡು ಜೋಡಿ ಇದ್ದರೆ ಸಾಕು. ಕೆಲವು ಬೋರ್ಡ್‌ಗಳಲ್ಲಿ ಹೆಡ್‌ಫೋನ್ ಹಾಕಿದಾಗ ಸಣ್ಣಗೆ ಗುಂಯ್ ಎನ್ನುವ ಸದ್ದು ಕೇಳುತ್ತದೆ. ಸ್ಪೀಕರಿನಲ್ಲಿ ಆಡುವವರಿಗೆ ಅದು ತಿಳಿಯುವುದು ಕಡಿಮೆ.

ಭಾರತದಿಂದ ಕೊಳ್ಳುವವರಿಗೆ ಒಂದು ಮಾತು. 2020ರ ನವೆಂಬರ್‌ನಲ್ಲಿ ಅಲಿಎಕ್ಸ್‌ಪ್ರೆಸ್ ಇಲ್ಲಿ ನಿಷೇಧವಾದ ಮೇಲೆ ಕಿಟ್ ತರಿಸಲು ಬೇರೆ ಅಂಗಡಿಗಳನ್ನೇ ಹುಡುಕಬೇಕು. ಸಾಗಾಟದ ಖರ್ಚು, ಕಸ್ಟಮ್ಸ್ ಸುಂಕ ಎರಡನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಪರದೆ, ಶೆಲ್, ಲೆನ್ಸ್ ಮೂರನ್ನೂ ಒಂದೇ ಪಾರ್ಸೆಲ್‌ನಲ್ಲಿ ತರಿಸಿದರೆ ಉಳಿತಾಯ. ಉಳಿದದ್ದಕ್ಕೆ ಹೊರಗಿನವರ ಮುಖ ನೋಡಬೇಕಿಲ್ಲ: ಐಸೊಪ್ರೊಪೈಲ್, ಕ್ಯಾಪ್ಟಾನ್ ಟೇಪ್, ಫ್ಲಕ್ಸ್, ತೆಳು ತಂತಿ, ಮಲ್ಟಿಮೀಟರ್ ಎಲ್ಲ ಬೆಂಗಳೂರಿನ ಎಸ್‌ಪಿ ರೋಡಿನಲ್ಲೇ ಸಿಗುತ್ತವೆ.

ಕೊನೆಗೆ ಶೆಲ್ ಮುಚ್ಚುವಾಗ ಪ್ರತಿ ಸ್ಕ್ರೂವನ್ನೂ ಮೊದಲು ಎಡಕ್ಕೆ ತಿರುಗಿಸಿ. ಹಳೆಯ ಎಳೆಗೆ ಇಳಿದಾಗ ಟಕ್ ಎಂದು ಕೈಗೆ ಗೊತ್ತಾಗುತ್ತದೆ, ಆಗ ಬಲಕ್ಕೆ ತಿರುಗಿಸಿ. ಹೊಸ ಶೆಲ್‌ಗೆ ಎಳೆ ಇರುವುದಿಲ್ಲ, ಅಲ್ಲಿ ಸ್ಕ್ರೂ ತಾನೇ ಎಳೆ ಕೊರೆಯಬೇಕು. ಎರಡು ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ ಹೋಗುತ್ತಾ ಬಿಗಿ ಎನಿಸಿದೊಡನೆ ನಿಲ್ಲಿಸಿ. ತೆಗೆದ ಮೂಲ ಪರದೆಯನ್ನು ಮೂಲ ಶೆಲ್ ಜೊತೆಗೇ, ರಿಬ್ಬನ್ ಮಡಚದಂತೆ, ಗಟ್ಟಿ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಎತ್ತಿಡಿ.